ಸೂಜಿಮೊನೆಯಷ್ಟು ತೂತು

ಗಡಿಯಾರ ರಿಪೇರಿಯವನ ಕಷ್ಟಕ್ಕೆಲ್ಲ ಮೂಲ ಒಂದು ಪ್ಲಾಸ್ಟಿಕ್ ಬಕೆಟ್ಟು. ಎರಡು ತಿಂಗಳ ಹಿಂದೆ ಪುಸ್ತಕ ನೋಡಿಕೊಂಡು ಅದರಲ್ಲಿ ಬಿಯರ್ ಮಾಡಲು ಹೊರಟಿದ್ದ. ಮೂರು ವಾರ ಕಾದು, ಇನ್ನೇನು ರುಚಿ ನೋಡಬೇಕು ಎನ್ನುವಾಗ ನಾಲ್ಕು ದಿನ ಅಣ್ಣನ ಮನೆಗೆ ಹೋಗಬೇಕಾಯಿತು. ವಾಪಸ್ ಬಂದರೆ ಬಕೆಟ್ ಖಾಲಿ.

"ಕೆಟ್ಟು ನಾರ್ತಿತ್ತು ರೀ. ಮೋರಿಗೆ ಸುರಿದುಬಿಟ್ಟೆ," ಎಂದಿದ್ದಳು ಹೆಂಡತಿ.

ಪಾಪ, ಅವನು ತನ್ನ ಕೈಗುಣವನ್ನೇ ಹಳಿದುಕೊಂಡ. ಆಮೇಲೆ ಪುಸ್ತಕ ತಿರುವಿಹಾಕಿದಾಗ ತಪ್ಪು ಬಕೆಟ್ಟಿನದು ಎಂದು ಗೊತ್ತಾಯಿತು. ಪ್ಲಾಸ್ಟಿಕ್ಕಿನ ಗೀರುಗಳಲ್ಲಿ ಕ್ರಿಮಿ ಸೇರಿಕೊಳ್ಳುತ್ತವಂತೆ. ಸ್ಟೀಲಿನ ಪಾತ್ರೆಯೇ ಆಗಬೇಕು, ಅದರ ಬುಡಕ್ಕೊಂದು ನಲ್ಲಿ ಬೆಸೆದಿರಬೇಕು.

ಮನೆಯಲ್ಲಿ ಸ್ಟೀಲಿನ ದೊಡ್ಡ ಪಾತ್ರೆ ಇದ್ದದ್ದು ಒಂದೇ, ಅಟ್ಟದ ಮೇಲಿನ ನಲವತ್ತು ಲೀಟರಿನದು. ಅದು ಹೆಂಡತಿಯ ಪ್ರಾಣ. ಒಡಹುಟ್ಟಿದ ಅಕ್ಕ ಕೇಳಿದರೂ ಕೊಟ್ಟವಳಲ್ಲ. ಆದರೆ ಅವಳು ಅದನ್ನು ಕೆಳಗಿಳಿಸುತ್ತಿದ್ದದ್ದು ವರ್ಷಕ್ಕೊಮ್ಮೆ. ಬೆರಳುದ್ದದ ನಲ್ಲಿಯನ್ನು ಗೋಡೆಯ ಕಡೆ ತಿರುಗಿಸಿಟ್ಟರೆ ಯಾರಿಗೆ ಕಾಣುತ್ತದೆ? ಈ ದಿನ ಅವಳು ಅಕ್ಕನ ಮನೆಗೆ ಹೋಗಿದ್ದಳು. ಬರುವುದು ಸಂಜೆ ಐದಕ್ಕೆ. ಹನ್ನೊಂದಕ್ಕೇ ಅಂಗಡಿಗೆ ಬೀಗ ಹಾಕಿ, ಪಾತ್ರೆಯನ್ನು ತಬ್ಬಿಕೊಂಡು ಬೀದಿಯ ತುದಿಯ ವೆಲ್ಡರನ ಶೆಡ್ಡಿಗೆ ನಡೆದ.

ವೆಲ್ಡರ್ ಅಳತೆ ನೋಡಿ ತೂತು ಕೊರೆದ, ಆರ್ಗಾನ್ ಗ್ಯಾಸಿನ ಸಿಲಿಂಡರಿನ ತಿರುಪು ತಿರುಗಿಸಿದ, ಮುಖವಾಡ ಇಳಿಸಿದ. ಹತ್ತು ನಿಮಿಷದಲ್ಲಿ ಪುಟಾಣಿ ನಲ್ಲಿ ಕೂತಿತು.

"ನೋಡಿ ಸಾರ್, ಒಂದು ಹನಿ ಸೋರಲ್ಲ."

ಅಲ್ಲಿಗೆ ದುಡ್ಡು ಕೊಟ್ಟು ಹೊರಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಗಡಿಯಾರದವನ ಚಾಳಿ ಎಲ್ಲಿಗೆ ಹೋದೀತು? ಜೇಬಿನಿಂದ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡು ಬೆಸುಗೆಯನ್ನು ಪರೀಕ್ಷಿಸತೊಡಗಿದ.

"ಇಲ್ಲೊಂದು ಸೂಜಿಮೊನೆಯಷ್ಟು ತೂತಿದೆ."

"ಎಲ್ಲಿ?"

"ಬರಿಗಣ್ಣಿಗೆ ಕಾಣಲ್ಲ."

"ಕಾಣದೇ ಇರೋ ತೂತು ತೂತೇ ಅಲ್ಲ ಸಾರ್!" ವೆಲ್ಡರನ ಮುಖ ಊದಿಕೊಂಡಿತು. ಇಪ್ಪತ್ತು ವರ್ಷ ಗೇಟು, ಕಿಟಕಿ ಬೆಸೆದ ಕೈ ಅದು. ಅವನ ಕೆಲಸವನ್ನು ಇದುವರೆಗೆ ಯಾರೂ ಗಾಜು ಹಾಕಿಕೊಂಡು ನೋಡಿರಲಿಲ್ಲ. ಸಿಟ್ಟಿನಿಂದಲೇ ಗ್ರೈಂಡರ್ ಎತ್ತಿ ಬೆಸುಗೆ ಉಜ್ಜಿ, ಮತ್ತೆ ಶಾಖ ಕೊಟ್ಟ. ಮೊದಲೇ ತೆಳುವಾದ ತಗಡು. ಚುಯ್ ಎಂದು ಕರಗಿ, ನಲ್ಲಿ ಪಾತ್ರೆಯೊಳಗೆ ಬಿತ್ತು. ತೂತು ಈಗ ಎಲ್ಲರ ಬರಿಗಣ್ಣಿಗೂ ಕಾಣುತ್ತಿತ್ತು.

"ಒಂದಿಂಚಿನ ನಲ್ಲಿ ಹಾಕಿದ್ರೆ ಸರಿಹೋಗುತ್ತೆ ಬಿಡಿ," ಎಂದ ವೆಲ್ಡರ್.

ಅಷ್ಟರಲ್ಲಿ ಗಡಿಯಾರದವನ ಮೇಲಿನ ಮನೆಯ ತಾತ ಕೋಲೂರಿಕೊಂಡು ಬಂದರು. ಹಿಂದೆಯೇ ಹೊಲಿಗೆ ಅಂಗಡಿಯ ಅಕ್ಕ, ಕತ್ತಿನಲ್ಲಿ ಅಳತೆ ಟೇಪಿನ ಸಮೇತ.

"ಏನಪ್ಪಾ ಇದು, ಇಷ್ಟು ದೊಡ್ಡ ಪಾತ್ರೆ?"

"ಅದು... ಸ್ನಾನಕ್ಕೆ. ಬಿಸಿನೀರು ಕಾಯಿಸೋಕೆ," ಎಂದುಬಿಟ್ಟ ಗಡಿಯಾರದವನು.

ತಾತನ ಮುಖ ಅರಳಿತು. "ನಮ್ಮ ಗೀಸರ್ ಕೆಟ್ಟು ವಾರ ಆಯ್ತು. ದಿನಾ ನಂಗೊಂದು ಬಕೆಟ್ ಕೊಡಪ್ಪಾ, ಪುಣ್ಯ ಬರುತ್ತೆ."

"ನಂಗೂ ಒಂದು," ಎಂದಳು ಹೊಲಿಗೆಯವಳು. "ಅಲ್ಲಾ, ಒಂದಿಂಚಿನ ನಲ್ಲೀಲಿ ಬಕೆಟ್ ತುಂಬೋದು ಯಾವ ಕಾಲಕ್ಕೆ? ಇನ್ನೂ ದೊಡ್ಡದು ಹಾಕ್ಸಿ."

"ಆಗಲಿ, ಕೊಡ್ತೀನಿ," ಎಂದು ಇಬ್ಬರಿಗೂ ಮಾತು ಕೊಟ್ಟ. ಇಲ್ಲವೆಂದರೆ ಇನ್ನೆಷ್ಟು ಪ್ರಶ್ನೆ ಕೇಳುತ್ತಾರೋ ಎಂಬ ಭಯ.

ಒಂದಿಂಚಿನದು ಕೂತಿತು. ಗಾಜು ಹಾಕಿಕೊಳ್ಳಬಾರದೆಂದು ಎಷ್ಟೋ ಹೊತ್ತು ತಡೆದುಕೊಂಡ. ಕೈ ಕೇಳಬೇಕಲ್ಲ! ಹಾಕಿಕೊಂಡ. ಕೂದಲೆಳೆಯಂಥ ಬಿರುಕು ಕಂಡಿತು. ಬಾಯಿ ಮುಚ್ಚಿಕೊಂಡೇ ಇದ್ದ, ಆದರೂ ಹುಬ್ಬು ಗಂಟಿಕ್ಕಿದ್ದು ವೆಲ್ಡರನಿಗೆ ಕಂಡುಬಿಟ್ಟಿತು. ಮತ್ತೆ ಗ್ರೈಂಡರ್, ಮತ್ತೆ ಶಾಖ, ಮತ್ತೆ ಚುಯ್. ಕೊನೆಗೆ ನಾಲ್ಕು ಗಂಟೆಯ ಹೊತ್ತಿಗೆ ವೆಲ್ಡರ್ ಮೂಲೆಯಿಂದ ನೀರಿನ ಟ್ಯಾಂಕರಿನ ನಲ್ಲಿ ಎಳೆದು ತಂದ, ಕೆಂಪು ಹಿಡಿಯದು, ತೋಳಿನಷ್ಟು ದಪ್ಪ.

"ಇದಕ್ಕಿಂತ ದೊಡ್ಡದು ನನ್ನ ಹತ್ರ ಇಲ್ಲ. ಆ ಗಾಜು ನನ್ನ ಕೈಗೆ ಕೊಡಿ ಮೊದ್ಲು!"

ಕೊಟ್ಟ. ಈ ಸಲ ಬೆಸುಗೆ ನಿಜಕ್ಕೂ ಚೆಂದವಾಗಿ ಬಂತು, ಹನಿ ಸೋರಲಿಲ್ಲ. ಗಡಿಯಾರದವನಿಗೆ ಮಾತ್ರ ಅಳುವೇ ಬಂತು. ಈ ನಲ್ಲಿಯನ್ನು ಗೋಡೆಯ ಕಡೆ ತಿರುಗಿಸಿದರೆ ಪಾತ್ರೆ ಅಟ್ಟದಿಂದ ಒಂದು ಗೇಣು ಹೊರಗೆ ನಿಲ್ಲುತ್ತದೆ.

ಆಗಲೇ ಬೀದಿಗೆ ತಿರುಗುತ್ತಿದ್ದ ಆಟೋ ಒಂದು ಶೆಡ್ಡಿನ ಮುಂದೆ ನಿಂತಿತು. ಗಂಟೆ ಇನ್ನೂ ನಾಲ್ಕೂವರೆ. ಇಳಿದವಳು ಹೆಂಡತಿ, ಜೊತೆಗೆ ಅವಳ ಅಕ್ಕ.

"ನಿಮ್ಮೆಜಮಾನ್ರು ನಮಗೆಲ್ಲ ಬಿಸಿನೀರು ಕಾಯಿಸಿ ಕೊಡ್ತಾರಂತಮ್ಮಾ," ಎಂದರು ತಾತ.

ಹೆಂಡತಿ ಪಾತ್ರೆ ನೋಡಿದಳು, ನಲ್ಲಿ ನೋಡಿದಳು, ಗಂಡನನ್ನು ನೋಡಿದಳು. ಕಣ್ಣು ಕೆಂಡವಾಯಿತು. "ಏನ್ರೀ ಇದು?"

"ಇಲ್ಲ ಕಣೇ... ಅದು ಬಿಸಿನೀರಿಗಲ್ಲ... ಪ್ಲಾಸ್ಟಿಕ್ಕಲ್ಲಿ ಬಿಯರ್ ಕೆಟ್ಟುಹೋಯ್ತಲ್ಲ, ಅದಕ್ಕೆ..."

ಅವನು ಮುಗಿಸುವಷ್ಟರಲ್ಲಿ ಹೆಂಡತಿಯ ಅಕ್ಕ ಕೆಂಪು ಹಿಡಿಯನ್ನು ತಿರುಗಿಸಿ ನೋಡಿ ಖುಷಿಯಿಂದ ಚೀರಿದಳು. "ಅಬ್ಬಾ, ಎಂಥ ನಲ್ಲಿ ಕಣೇ! ಹೋದ ಸಲ ಬಕೆಟ್ಟಿಂದ ಸೌಟಲ್ಲಿ ತೋಡಿ ತೋಡಿ ನಮ್ಮಿಬ್ಬರ ಕೈಯೂ ಬಿದ್ದುಹೋಗಿತ್ತಲ್ಲ!"

ಹೆಂಡತಿ ನಾಲಿಗೆ ಕಚ್ಚಿಕೊಂಡಳು.

"ಹೋದ ಸಲ?" ಎಂದ ಗಡಿಯಾರದವನು. "ಮೋರಿಗೆ ಸುರಿದೆ ಅಂದಿದ್ದೆ?"

"ಚೆನ್ನಾಗೇ ಆಗಿತ್ತು ರೀ. ನಾಲ್ಕು ದಿನದಲ್ಲಿ ಮುಗಿದೇಹೋಯ್ತು. ಏನ್ಮಾಡ್ಲಿ?"

ಎರಡು ತಿಂಗಳಿಂದ ಕುಗ್ಗಿದ್ದ ಅವನೆದೆ ಒಮ್ಮೆಲೆ ಉಬ್ಬಿತು. ಕೈಗುಣ ಕೆಟ್ಟಿರಲಿಲ್ಲ! ಆದರೆ ಉಬ್ಬಿದ ಎದೆಯಿಂದ ಮಾತು ಹೊರಡುವ ಮೊದಲೇ ಅಕ್ಕತಂಗಿಯರು ಪಾತ್ರೆಯನ್ನು ಆಟೋಗೆ ಏರಿಸಿಯಾಗಿತ್ತು.

"ಎಲ್ಲಿಗೆ?"

"ಅಕ್ಕನ ಮನೆಗೆ. ಹಿಂದೆ ತಂಪಾದ ಕೋಣೆ ಇದೆ, ಅಲ್ಲೇ ಮಾಡ್ತೀವಿ. ನಿಮ್ಮ ಪುಸ್ತಕ ನನ್ನ ಬ್ಯಾಗಲ್ಲೇ ಇದೆ. ಹೇಳದೆ ಕೇಳದೆ ನನ್ನ ಪಾತ್ರೆಗೆ ತೂತು ಹೊಡೆಸಿದ್ದಕ್ಕೆ ನಿಮಗೆ ಒಂದು ಲೋಟಾನೂ ಇಲ್ಲ."

"ಅಮ್ಮಾ, ನಮ್ಮ ಬಿಸಿನೀರು?" ತಾತ ಗಾಬರಿಯಾದರು.

"ಬೆಳಿಗ್ಗೆ ಆರಕ್ಕೆ ಬನ್ನಿ ತಾತ. ಮಾತು ಕೊಟ್ಟಿದ್ದಾರಲ್ಲ, ಕಾಯಿಸಿಕೊಡ್ತಾರೆ." ಆಟೋದಿಂದ ಕತ್ತು ಹೊರಗೆ ಹಾಕಿ ಹೆಂಡತಿ ಗಂಡನಿಗೆ ಕೂಗಿ ಹೇಳಿದಳು. "ರೀ, ನೀರು ಕಾಯಿಸೋ ಕರೆಂಟ್ ಕಾಯಿಲ್ ಮೊಳೆಗೆ ನೇತಾಕಿದೆ. ಆ ಪ್ಲಾಸ್ಟಿಕ್ ಬಕೆಟ್ ಬಚ್ಚಲಲ್ಲೇ ಇದೆ, ನೋಡಿ!"