ಒಂದು ಮನೆಯ ವರ್ಗಣಿ

ಮೇ ಹದಿನೆಂಟು, ರವಿವಾರ. ಬೆಳಗಿನಿಂದ ಮೋಡ, ವಿಪರೀತ ಸೆಕೆ. ಗಾಳಿ ಇಲ್ಲ, ಮಳೆಯೂ ಇಲ್ಲ.

ನಮ್ಮ ಲೇಖಕಿಯ ಸುತ್ತ ಏನಾದರೊಂದು ಪ್ರಸಂಗ ನಡೆಯುತ್ತಲೇ ಇರುತ್ತದೆ. ಒಂದು ಮುಗಿಯಿತು ಎಂದು ನಾನು ಉಸಿರು ಬಿಡುವಷ್ಟರಲ್ಲಿ ಅವರ ಸ್ಕೂಟರು ಇನ್ನೊಂದನ್ನು ಹೊತ್ತುಕೊಂಡು ಪ್ರೆಸ್ಸಿನ ಬಾಗಿಲಿಗೆ ಬಂದಿರುತ್ತದೆ.

ಅಂಕೋಲೆಯಲ್ಲಿ ನನ್ನದೊಂದು ಸಣ್ಣ ಪ್ರೆಸ್ಸು. ಲಗ್ನಪತ್ರಿಕೆ, ರಸೀದಿ ಪುಸ್ತಕ, ವರ್ಷಕ್ಕೆ ನಾಲ್ಕೈದು ಪುಸ್ತಕ. ಅವರ ಪುಸ್ತಕಗಳೂ, ಹೆಂಗಸರಿಗೆಂದು ತಿಂಗಳಿಗೊಮ್ಮೆ ಅವರು ತರುವ ಎಂಟು ಪುಟದ ಪತ್ರಿಕೆಯೂ ಇಲ್ಲೇ ಅಚ್ಚಾಗುತ್ತವೆ. ಅಚ್ಚು ಶುರುವಾದ ಮೇಲೆ ಮಷೀನಿನ ಪಕ್ಕ ನಿಂತು ಒಂದು ಪದ ಬದಲಿಸುವುದು ಅವರ ರೂಢಿ. "ಅಕ್ಕೋರೆ, ನಿಮ್ಮ ಹೋರಾಟ ಸರ್ಕಾರದ ಮೇಲೋ, ನನ್ನ ಮೇಲೋ?" ಎಂದು ನಮ್ಮ ಮಷೀನಿನವನು ಕೇಳಿದ್ದುಂಟು.

ಮೊದಲು ಕಾಲೇಜಿನಲ್ಲಿ ಕಲಿಸುತ್ತಿದ್ದ ಕಾರಣ ಊರಿಗೆಲ್ಲ ಅವರು 'ಅಕ್ಕೋರು'. ಬೆಳಂಬಾರದ ಒಂದು ಕೇರಿಯಲ್ಲಿ ಮನೆ. ಜೊತೆಗಿರುವವರು ಕಾರವಾರದ ಆಸ್ಪತ್ರೆಯೊಂದರಲ್ಲಿ ನರ್ಸು, ಎಲ್ಲರಿಗೂ 'ನರ್ಸಬಾಯಿ'. ತಾನು ಲೆಸ್ಬಿಯನ್, ಈಕೆ ತನ್ನ ಸಂಗಾತಿ ಎಂದು ಲೇಖಕಿ ತಮ್ಮ ಎರಡನೇ ಪುಸ್ತಕದ ಮುನ್ನುಡಿಯಲ್ಲೇ ಬರೆದಿದ್ದಾರೆ. ನಮ್ಮ ಕಡೆ ಮುನ್ನುಡಿ ಓದುವವರು ಕಡಿಮೆ.

ಇವತ್ತು ಸಂಜೆ ಅವರ ಕೇರಿಯಲ್ಲೊಂದು ಸಭೆ ಇತ್ತು. ನಾನೂ ಹೋಗಿ ಬಂದೆ. ಅದನ್ನು ಹೇಳುವ ಮೊದಲು ಹಿಂದಿನ ಐದು ಹೇಳಬೇಕು.

ಅಕ್ಕತಂಗೀರು

ಈಗಿರುವ ಮನೆಯನ್ನು ಕೊಳ್ಳುವಾಗಿನ ಮಾತು. ಅಲ್ಲಿಯವರೆಗೆ ಅದೇ ಕೇರಿಯಲ್ಲಿ, ಲೇಖಕಿ ಬಾಡಿಗೆಗೆ ಹಿಡಿದ ಮನೆಯಲ್ಲಿದ್ದರು. ಕಾಗದದಲ್ಲಿ ಇಬ್ಬರ ಹೆಸರೂ ಬರಬೇಕೆಂದು ಲೇಖಕಿಯ ಹಟ. ಸಾಕ್ಷಿಗೆಂದು ನನ್ನನ್ನೂ ಕರೆದೊಯ್ದಿದ್ದರು. ಮಾರುವವರು ಬೇರೆ ಊರಲ್ಲಿರುವ ವಯಸ್ಸಾದ ಬೇಸಾಯಗಾರರು. ಬಾಯಿ ತುಂಬ ಎಲೆಯಡಿಕೆಯ ಕವಳ ಇಟ್ಟುಕೊಂಡೇ ವಿಚಾರಿಸಿದರು.

"ನೀವಿಬ್ರೂ ಅಕ್ಕತಂಗೀರನಾ?"

ಈ ಪ್ರಶ್ನೆಗೆ ಲೇಖಕಿ ದಾರಿಯುದ್ದಕ್ಕೂ ಉತ್ತರ ತಯಾರು ಮಾಡಿಕೊಂಡು ಬಂದಿದ್ದರು. ನರ್ಸಬಾಯಿ ಹಿಂದಿನಿಂದ ಸೆರಗು ಜಗ್ಗಿದರೂ ನಿಲ್ಲಲಿಲ್ಲ.

"ಅಲ್ಲ. ಗಂಡಹೆಂಡಿರು ಹೇಗೆ ಸಂಸಾರ ಮಾಡುತ್ತಾರೋ ನಾವೂ ಹಾಗೇ ಮಾಡುವವರು. ನಿಮ್ಮ ತಕರಾರು ಇದ್ದರೆ ಈಗಲೇ ಹೇಳಿ."

ಅವರು ಎದ್ದರು. ಅಂಗಳದ ಅಂಚಿನವರೆಗೆ ನಡೆದು ಹೋದರು. ಮನೆ ಕೈತಪ್ಪಿತು ಎಂದು ನಾವು ಮೂವರೂ ನೆಲ ನೋಡುತ್ತ ಕೂತೆವು. ಅವರು ಕವಳ ಉಗಿದು, ಬಾಯಿ ಮುಕ್ಕಳಿಸಿ, ವಾಪಸು ಬಂದು ಕೂತರು.

"ಅಡ್ಡಿಲ್ಲ. ಅಕ್ಕತಂಗೀರಾಗಿದ್ರೆ ಮಾತ್ರ ಕೊಡ್ತಿರಲಿಲ್ಲ ನೋಡಿ. ನಂಗೂ ಮೂರು ಜನ ಇದ್ದಾರೆ. ಹನ್ನೊಂದು ವರ್ಷದಿಂದ ಕೋರ್ಟಲ್ಲಿ ಬಿಟ್ರೆ ಬೇರೆಲ್ಲೂ ಭೆಟ್ಟಿ ಆಗಲಿಲ್ಲ."

ಮೂರನೇ ಸಾಲು

ಅವರ ಪ್ರಬಂಧಗಳ ಪುಸ್ತಕ ಕಾರವಾರದಲ್ಲಿ ಬಿಡುಗಡೆಯಾಯಿತು. ಮುಖ್ಯ ಅತಿಥಿಗಳು ನಿವೃತ್ತ ಅಧಿಕಾರಿ. ಪುಸ್ತಕವನ್ನು ಅವರು ವೇದಿಕೆಯ ಮೇಲೆ ಬಣ್ಣದ ಕಾಗದ ಬಿಚ್ಚುವಾಗಲೇ ಮೊದಲ ಸಲ ನೋಡಿದ್ದು. ಆದರೆ ಮಾತಿಗೆ ಕೊರತೆ ಇರಲಿಲ್ಲ.

"ಮದುವೆ, ಮನೆ, ಸಂಸಾರ, ಎಲ್ಲ ಸುಖವನ್ನೂ ತ್ಯಾಗ ಮಾಡಿ ಸಮಾಜಕ್ಕಾಗಿ ಒಂಟಿಯಾಗಿ ಸವೆದ ಜೀವ ಇದು," ಎಂದರು. ಸಭೆ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನ ಒಬ್ಬ ಹೆಂಗಸು ಕಣ್ಣೊರೆಸಿಕೊಂಡಳು.

ಲೇಖಕಿ ಕುರ್ಚಿಯಲ್ಲಿ ಆಗಲೇ ನಾಲ್ಕು ಸಲ ಮಗ್ಗುಲು ಬದಲಿಸಿದ್ದರು. ಅವರ ಸರದಿ ಬರುವವರೆಗೂ ಕಾಯಲಿಲ್ಲ. ನಿರೂಪಕನ ಕೈಯಿಂದ ಮೈಕು ತೆಗೆದುಕೊಂಡರು.

"ಸಣ್ಣ ತಿದ್ದುಪಡಿ. ನಾನು ಯಾವ ಸುಖವನ್ನೂ ತ್ಯಾಗ ಮಾಡಿಲ್ಲ. ಹೊತ್ತಿಗೆ ಸರಿಯಾಗಿ ಉಂಡು ಸಂಸಾರ ಮಾಡುತ್ತಿದ್ದೇನೆ. ನಮ್ಮ ಮನೆಯವಳು ಅಲ್ಲಿ ಮೂರನೇ ಸಾಲಿನಲ್ಲಿ ಕೂತಿದ್ದಾಳೆ."

ಸಭೆಯ ಅಷ್ಟೂ ತಲೆಗಳು ಮೂರನೇ ಸಾಲಿನ ಕಡೆ ತಿರುಗಿದವು. ಮೂರನೇ ಸಾಲಿನಲ್ಲಿದ್ದ ನರ್ಸಬಾಯಿ, ಯಾರದು ಎನ್ನುವಂತೆ, ನಾಲ್ಕನೇ ಸಾಲಿನ ಕಡೆ ತಿರುಗಿ ನೋಡಿದರು.

ಧರಣಿ

ಕಾರವಾರದಲ್ಲಿ ಮೀನು ಮಾರುವ ಹೆಂಗಸರನ್ನು ಅವರು ಕೂರುತ್ತಿದ್ದ ಜಾಗದಿಂದ ಎಬ್ಬಿಸುವ ಮಾತು ಬಂದಿತ್ತು. ಲೇಖಕಿ ಮೂರು ದಿನ ಅವರ ಜೊತೆ ನಗರಸಭೆ ಆಫೀಸಿನ ಮುಂದೆ ಧರಣಿ ಕೂತರು. ಕೂತರು ಎನ್ನುವುದು ರೂಢಿಯ ಮಾತು; ಅವರು ಚಾಪೆಯ ಈ ತುದಿಯಿಂದ ಆ ತುದಿಗೆ ನಡೆಯುತ್ತಲೇ ಇದ್ದರು. ನಾನು ಕರಪತ್ರ ಮುಟ್ಟಿಸಲು ಹೋಗಿದ್ದೆ. ಮನೆಗೆಲಸದಲ್ಲಿ ಗಂಡಸರ ಪಾಲಿನ ಬಗ್ಗೆ ಲೇಖಕಿಯ ಭಾಷಣ ನಡೆದಿತ್ತು.

ಎಲ್ಲರಿಗಿಂತ ಹಿರಿಯ ಮೀನುಗಾರ ಹೆಂಗಸು ನಡುವೆ ಬಾಯಿ ಹಾಕಿದಳು. "ಅಕ್ಕೋರೆ, ನಿಮ್ಮ ಗಂಡ ಎಲ್ಲಿ?"

"ಗಂಡ ಇಲ್ಲ ಬಾಯಿ. ನನ್ನ ಜೊತೆ ಇರೋದು ಒಬ್ಬ ಹೆಂಗಸು. ನಮ್ಮದೇ ಸಂಸಾರ."

"ಆ ನರ್ಸಬಾಯಿ ಅಲ್ವನಾ? ನನ್ ಹತ್ರವೇ ಬಾಂಗಡೆ ತಕೊಂಡು ಹೋಗ್ತದೆ. ಒಳ್ಳೇದು, ಒಳ್ಳೇದು." ಆಕೆ ತುಸು ಯೋಚಿಸಿದಳು. "ಆ ಬಾಂಗಡೆ ಕೊಯ್ದು ತೊಳೆದು ಸಾರು ಮಾಡೂದು ಯಾರು?"

"ಅವಳೇ. ನನಗೆ ಬರೆಯುವ ಕೆಲಸ ಇರ್ತದಲ್ಲ."

"ಪಾತ್ರೆ?"

"ಅದೂ ಅವಳೇ."

"ಅದು ಡ್ಯೂಟಿಗೂ ಹೋಗ್ತದೆ, ಅಲ್ವನಾ?"

ಲೇಖಕಿ ನಡೆಯುವುದನ್ನು ನಿಲ್ಲಿಸಿದರು.

"ಏ, ಚಾಪೆ ಎತ್ತ್ರೇ," ಎಂದು ಆಕೆ ಉಳಿದವರಿಗೆ ಹೇಳಿದಳು. "ಆಫೀಸಿನ ಮುಂದೆ ನಾಳೆ ಕೂರುವ. ಇವತ್ತು ಇವರ ಮನೆ ಮುಂದೆ ಕೂರೂದು."

ಅಂದಿನಿಂದ ಲೇಖಕಿ ಅಡಿಗೆ ಹಿಡಿದರು. ಹತ್ತು ದಿನ ಕಳೆದಿರಬೇಕು, ನರ್ಸಬಾಯಿ ಬಸ್ಸಿಳಿದು ನೇರವಾಗಿ ಪ್ರೆಸ್ಸಿಗೆ ಬಂದರು. ಮುಖ ಬಾಡಿತ್ತು. "ಪ್ರೆಸ್ಸಿನವ್ರೇ, ಅವಳ ಕೈಲಿ ಒಂದು ದಪ್ಪ ಪುಸ್ತಕ ಬರೆಸಿ. ಎಷ್ಟು ದಪ್ಪ ಆದ್ರೂ ಅಡ್ಡಿಲ್ಲ."

ಕಟ್ಟಿಗೆ

ಇನ್ನು ಸಭೆಯ ಮೂಲ.

ಅವರ ಕೇರಿಯಲ್ಲಿ ಪ್ರತಿ ಮನೆಯೂ ವರ್ಷಕ್ಕೆ ಆರುನೂರು ರೂಪಾಯಿ ವಂತಿಗೆ ಕೊಡಬೇಕು. ಅದಕ್ಕೆ ವರ್ಗಣಿ ಎನ್ನುತ್ತಾರೆ. ಆ ದುಡ್ಡಿನಲ್ಲಿ ದೊಡ್ಡ ಪಾತ್ರೆ, ಚಪ್ಪರದ ಕಂಬ, ತಾಡಪತ್ರಿ ಮಾಡಿಟ್ಟಿದ್ದಾರೆ. ವರ್ಗಣಿ ಕೊಡುವ ಮನೆ 'ಲೆಕ್ಕದ ಮನೆ'. ಲೆಕ್ಕದ ಮನೆಯಲ್ಲಿ ಸಾವಾದರೆ ಉಳಿದ ಪ್ರತಿ ಮನೆಯಿಂದ ಒಬ್ಬರು ಒಂದು ಹೊರೆ ಕಟ್ಟಿಗೆ ಹೊತ್ತು ಬರುತ್ತಾರೆ. ಗಂಡಸರಿಲ್ಲದ ಮನೆಗೆ ವರ್ಗಣಿ ಮಾಫಿ. ಅಲ್ಲಿನ ಹೆಂಗಸರನ್ನು ಅಣ್ಣನದೋ ಮಗನದೋ ಮನೆಯ ಲೆಕ್ಕಕ್ಕೆ ಸೇರಿಸುತ್ತಾರೆ. ಈ ಇಬ್ಬರಿಗೆ ಹಾಗೆ ಸೇರಿಸಲು ಯಾರೂ ಇಲ್ಲ.

ಕಳೆದ ಮಳೆಗಾಲ ನೆರೆಯ ಅಜ್ಜ ತೀರಿಕೊಂಡರು. ಲೇಖಕಿ ತಮ್ಮ ಹಿತ್ತಲಿನಿಂದ ಒಂದು ಹೊರೆ ಕಟ್ಟಿಗೆ ಹೊತ್ತು ಹೋದರು. ಅಲ್ಲಿದ್ದವರೊಬ್ಬರು ಅದನ್ನು ಇಳಿಸಿಕೊಂಡು, ಬಹಳ ಮರ್ಯಾದೆಯಿಂದ, ಪಕ್ಕಕ್ಕಿಟ್ಟರು. "ನಿಮಗೆಂತಕ್ಕೆ ಕಷ್ಟ ಅಕ್ಕೋರೆ? ನಿಮ್ದು ಲೆಕ್ಕದಲ್ಲಿಲ್ಲ."

ಮರುದಿನ ಪ್ರೆಸ್ಸಿಗೆ ಬಂದವರು ಕೂರಲೇ ಇಲ್ಲ. ಪ್ರೂಫಿನ ಮೇಲೆ ಕೈಯಿಟ್ಟುಕೊಂಡೇ ಹೇಳಿದರು: "ನಾಳೆ ಅವಳು ಹೋದರೆ ಆ ಅಂಗಳಕ್ಕೆ ಯಾರು ಬರ್ತಾರೆ? ಹೇಳಿ, ನೀವೂ ನಾನೂ ಇಬ್ಬರೇ ಹೊರೋದಾ?"

ಅವರ ದನಿ ಹಾಗೆ ಒಡೆದದ್ದನ್ನು ನಾನು ಹಿಂದೆ ಕೇಳಿರಲಿಲ್ಲ. ಆ ವಾರ ನರ್ಸಬಾಯಿ ಸಿಕ್ಕಾಗ ಅವರ ಕಿವಿಗೆ ಹಾಕಿದೆ. ಅವರು ಪೂರ್ತಿ ಕೇಳಿಸಿಕೊಂಡು ಹುಬ್ಬು ಗಂಟಿಕ್ಕಿದರು.

"ಮೊದಲು ಹೋಗೂದು ನಾನು ಅಂತ ಯಾರು ಹೇಳಿದ್ರು? ಬಿ.ಪಿ. ಇರೂದು ಅವಳಿಗೆ."

ಆರುನೂರ ಒಂದು

ಲೇಖಕಿ ಕೇರಿಯ ಸಮಿತಿಗೆ ಅರ್ಜಿ ಕೊಟ್ಟರು. ಮೂರು ಪುಟ. ನಾನೇ ಟೈಪು ಮಾಡಿಸಿದ್ದು. ತಮ್ಮಿಂದಲೂ ವರ್ಗಣಿ ವಸೂಲು ಮಾಡಬೇಕು ಎನ್ನುವುದು ಸಾರಾಂಶ. ಖಜಾಂಚಿಗೆ ಅದೇ ಕೇರಿಯಲ್ಲಿ ಕಿರಾಣಿ ಅಂಗಡಿ. ಅರ್ಜಿಯನ್ನು ಎರಡು ಸಲ ಓದಿ, ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಬಿಡಿ ಅಂತ ಅರ್ಜಿ ಬರ್ತದೆ ಅಕ್ಕೋರೆ. ತಕೊಳ್ಳಿ ಅಂತ ಇದೇ ಮೊದಲು. ಬ್ಯಾಡ. ಇಬ್ಬರೇ ಹೆಂಗಸರು, ಪಾಪ."

ಆ 'ಪಾಪ' ಲೇಖಕಿಗೆ ಚುಚ್ಚಿತು. ಅಂಗಡಿ ಮೆಟ್ಟಿಲು ಇಳಿಯುವ ಮೊದಲೇ ಖಜಾಂಚಿಯ ಫೋನಿಗೆ ಆರುನೂರು ರೂಪಾಯಿ ಕಳಿಸಿದರು. ಇವರು ಮನೆ ಮುಟ್ಟುವಷ್ಟರಲ್ಲಿ ದುಡ್ಡು ವಾಪಸು ಬಂದಿತ್ತು. ಮತ್ತೆ ಕಳಿಸಿದರು. ಮತ್ತೆ ಬಂತು. ಒಂದು ವಾರ ಹೀಗೇ ಹೋಗುವುದು ಬರುವುದು ನಡೆಯಿತು. ಎಂಟನೇ ದಿನ ನೋಡಿದರೆ ಆರುನೂರ ಒಂದು ಬಂದಿದೆ. ಲೇಖಕಿ ರೇಗಿಕೊಂಡು ಅಂಗಡಿಗೇ ಹೋದರು.

"ಈ ಒಂದು ರೂಪಾಯಿ ಎಂತದ್ದು?"

"ಹೆಂಗಸರಿಗೆ ದುಡ್ಡು ಕೊಡೂವಾಗ ಬರೀ ಸೊನ್ನೆ ಇರಬಾರದು ಅಂದ್ಳು ನಮ್ಮನೆಯವಳು," ಎಂದರು ಖಜಾಂಚಿ. "ಒಂದು ಕುಪ್ಪಸದ ಕಣವೂ ತೆಗೆದಿಟ್ಟಿದ್ದಾಳೆ. ಇಸ್ಕಂಡು ಹೋಗಿ."

ಒಲೆ

ಕೊನೆಗೆ ಸಮಿತಿಯವರೇ ಬೇಸತ್ತು ಇವತ್ತು ಸಭೆ ಕರೆದರು. ನರ್ಸಬಾಯಿಗೆ ಕಾರವಾರದಲ್ಲಿ ಡ್ಯೂಟಿ. ಬೆಳಿಗ್ಗೆ ಹೊರಡುವಾಗ, "ಬ್ಯಾಡ ಅಂದವರಿಗೆ ಕೊಡೂಕೆ ಹೋಗೂ ಹುಚ್ಚು ನಿಂಗೊಬ್ಳಿಗೇ," ಎಂದು ಬೈದು ಹೋಗಿದ್ದರಂತೆ.

ಪಾತ್ರೆ ಇಡುವ ಶೆಡ್ಡಿನ ಮುಂದೆ ಮೂವತ್ತು ಜನ ಸೇರಿದ್ದರು. ಎಲ್ಲರ ಬೆನ್ನೂ ಬೆವರಿನಿಂದ ಒದ್ದೆ. ಲೇಖಕಿಯ ಕೈಯಲ್ಲಿ ಹನ್ನೊಂದು ಪುಟದ ಭಾಷಣ. ನಾನು ಓದಿದ್ದೆ, ಚೆನ್ನಾಗಿತ್ತು.

ಅಧ್ಯಕ್ಷರು ವಿಷಯ ಹೇಳಿದರು. ಒಬ್ಬ ಯುವಕ ಎದ್ದು, "ಮನೆ ಅಂದ್ರೆ ಗಂಡ ಹೆಂಡ್ತಿ. ಇದು ಲೆಕ್ಕಕ್ಕೆ ಹೆಂಗೆ ಬರ್ತದೆ?" ಎಂದ. ಕೆಲವರು ತಲೆಯಾಡಿಸಿದರು. ಲೇಖಕಿ ಕಾಗದ ಮಡಚಿ ಹಿಡಿದರು. ಎದ್ದು ನಿಲ್ಲಲು ಹೋದರು. ಅಷ್ಟರಲ್ಲಿ ಗೋಡೆಗೆ ಒರಗಿ ಕೂತಿದ್ದ ಪಕ್ಕದ ಮನೆಯ ಅಜ್ಜಿ ಮಾತು ತೆಗೆದಳು. ದಿನಾ ತಲೆ ಮೇಲೆ ತರಕಾರಿ ಹೊತ್ತು ಅಂಕೋಲೆ ಪೇಟೆಗೆ ಹೋಗುವವಳು.

"ತಮಾ, ನೀ ಕೂತ್ಕೊ. ನಡುವೆ ಇರೂದು ಒಂದೇ ಬೇಲಿ, ನಂಗೆ ಎಲ್ಲ ಕೇಳ್ತದೆ. ಇಬ್ರೂ ಜಗಳ ಮಾಡ್ತಾರೆ. ಎರಡು ದಿನ ಮಾತಿಲ್ಲ. ಮೂರನೇ ದಿನ ಮೀನು ಹುರಿದ ವಾಸನೆ ಬರ್ತದೆ. ಅದು ಸಂಸಾರ ಅಲ್ದೆ ಮತ್ತೆಂತದು?"

ಹೆಂಗಸರ ಕಡೆಯಿಂದ ನಗು ಎದ್ದಿತು. ಅಧ್ಯಕ್ಷರು ಕೈಯೆತ್ತಿ ಸುಮ್ಮನಾಗಿಸಿದರು.

"ನಮ್ಮ ಹಿರಿಯರು ಮನೆ ಎಣಿಸಿದ್ದು ಒಲೆ ನೋಡಿ. ಅಣ್ಣತಮ್ಮ ಒಂದೇ ಸೂರಲ್ಲಿದ್ರೂ ಒಲೆ ಎರಡಾದ್ರೆ ವರ್ಗಣಿ ಎರಡು. ಅಕ್ಕೋರೆ, ನಿಮ್ಮಲ್ಲಿ ಒಲೆ ಎಷ್ಟು?"

"ಒಂದು."

"ಮುಗೀತು. ಒಂದು ಒಲೆ, ಒಂದು ಮನೆ. ಖಜಾಂಚಿಗಳೇ, ಬರ್ಕೊಳ್ಳಿ."

ಒಂದು ವರ್ಷ ಅವರನ್ನು ನಿದ್ದೆಗೆಡಿಸಿದ್ದು ಹೀಗೆ ಒಂದು ನಿಮಿಷದಲ್ಲಿ ತೀರಿತು. ಲೇಖಕಿಗೆ ಕೂರಬೇಕೋ ನಿಲ್ಲಬೇಕೋ ತಿಳಿಯಲಿಲ್ಲ. "ಆದರೂ ನಾನು ಎರಡು ಮಾತು…" ಎಂದು ಕಾಗದ ಬಿಡಿಸಿದರು.

"ತಡೀರಿ," ಎಂದರು ಖಜಾಂಚಿ. "ಲೆಕ್ಕದ ಮನೆ ಅಂದ್ಮೇಲೆ ಹಿಂದಿನ ಬಾಕಿ ಉಂಟಲ್ಲ. ಬಾಕಿ ಇದ್ದ ಮನೆಯವ್ರು ಸಭೇಲಿ ಮಾತಾಡೂ ಹಾಗಿಲ್ಲ. ಎಷ್ಟು ವರ್ಷ ಆಯ್ತು ಅಕ್ಕೋರೆ, ನೀವಿಬ್ರೂ ಒಟ್ಟಿಗೆ?"

ಲೇಖಕಿ ಬೆರಳು ಮಡಿಸಲು ಶುರುಮಾಡಿದರು. ಅವರು ಮೂರನೇ ಬೆರಳಿಗೆ ಬರುವಷ್ಟರಲ್ಲಿ ಸಭೆಯ ನಾಲ್ಕು ಮೂಲೆಯಿಂದ, ಗಂಡಸರೂ ಹೆಂಗಸರೂ, ಆಗ ಎದ್ದು ನಿಂತಿದ್ದ ಯುವಕನೂ ಸೇರಿ, ಒಟ್ಟಿಗೆ ಹೇಳಿದರು: "ಹದಿನಾಲ್ಕು!"

ಆಮೇಲೆ ಸ್ವಲ್ಪ ಹೊತ್ತು ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಭಾಷಣ ಆಗಲಿಲ್ಲ. ಬಾಕಿ ಕಟ್ಟಿ, ರಸೀದಿ ಹಿಡಿದು, ನಾವಿಬ್ಬರೂ ಮನೆಗೆ ನಡೆದೆವು. ನರ್ಸಬಾಯಿ ಬಂದು ಮೆಟ್ಟಿಲ ಮೇಲೆ ಕೂತಿದ್ದರು. ಚೀಲ ತೊಡೆಯ ಮೇಲೇ ಇತ್ತು, ಚಪ್ಪಲಿ ಕಾಲಲ್ಲೇ ಇತ್ತು.

"ಏನಂದ್ರು?"

"ಲೆಕ್ಕದ ಮನೆ ಅಂದರು," ಎಂದರು ಲೇಖಕಿ.

ನರ್ಸಬಾಯಿ ಬಗ್ಗಿ ಚಪ್ಪಲಿ ಬಿಚ್ಚಿದರು. ಜೋಡಿಸಿಟ್ಟರು. ಜೋಡಿಸಿಟ್ಟದ್ದನ್ನೇ ಮತ್ತೆ ಸರಿಸಿಟ್ಟರು. ಮುಖ ಎತ್ತಲು ಅವರಿಗೆ ಅಷ್ಟು ಹೊತ್ತು ಬೇಕಾಯಿತು.

"ಎಷ್ಟು ಕೊಟ್ಟೆ?"

ಲೇಖಕಿ ನನ್ನ ಕಡೆ ನೋಡಿದರು. ನಾನೇ ಹೇಳಿದೆ: "ಎಂಟು ಸಾವಿರದ ನಾನೂರು. ಹದಿನಾಲ್ಕು ವರ್ಷದ ಬಾಕಿ."

"ಹದಿನಾಲ್ಕಾ?" ನರ್ಸಬಾಯಿ ಎದ್ದೇ ನಿಂತರು. "ಮೊದಲನೇ ವರ್ಷ ನಾ ಇವಳಿಗೆ ಬಾಡಿಗೆ ಕೊಟ್ಕಂಡು ಹೊರಗಿನ ಕೋಣೇಲಿ ಇದ್ದವಳು. ಅದಕ್ಕೆಂತಕ್ಕೆ ವರ್ಗಣಿ? ಹೋಗು, ಆರುನೂರು ವಾಪಸ್ ಇಸ್ಕಂಡು ಬಾ!"