ತಿಪ್ಪೇಸ್ವಾಮಣ್ಣನ ಸುಳ್ಳು ರಿಪೇರಿ ಪತ್ತೆ ಯಂತ್ರ

"ಇದು ಸುಳ್ಳು ರಿಪೇರಿ ಹಿಡಿಯೋ ಯಂತ್ರ" ಎನ್ನುತ್ತಾ ನಮ್ಮಣ್ಣ ತಿಪ್ಪೇಸ್ವಾಮಿ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಅಲ್ಯೂಮಿನಿಯಂ ಡಬ್ಬಿ ಇಟ್ಟ. ಡಬ್ಬಿ ನನ್ನದು, ಉಪ್ಪಿನಕಾಯಿ ಹಾಕಲೆಂದು ತೊಳೆದಿಟ್ಟಿದ್ದೆ. ಈಗ ಅದರ ತಲೆಯ ಮೇಲೆ ಹಳೆಯ ಟೇಬಲ್ ಫ್ಯಾನಿನ ರೆಕ್ಕೆ. ಹೊಟ್ಟೆಯೊಳಗೆ ಏನೇನಿತ್ತೋ ದೇವರೇ ಬಲ್ಲ.

"ರಿಪೇರಿಯಾದ ವಸ್ತುವಿನ ಮುಂದೆ ಇದನ್ನ ಆನ್ ಮಾಡಿದ್ರೆ ಒಂದು ಅಲೆ ಹೊರಡುತ್ತೆ. ರಿಪೇರಿ ನಿಜವಾಗಿದ್ರೆ ಏನೂ ಆಗಲ್ಲ. ಸುಳ್ಳಾಗಿದ್ರೆ ಹಳೇ ರೋಗ ಅಲ್ಲೇ ಎದ್ದು ಬರುತ್ತೆ."

"ಯಾವುದರ ಮೇಲೆ ತೋರಿಸ್ತೀಯ?"

"ಮಿಕ್ಸಿ. ನಾನೇ ರಿಪೇರಿ ಮಾಡಿದ್ದಲ್ವಾ, ಕಲ್ಲಿನಂಗಿದೆ."

ಗುಂಡಿ ಒತ್ತಿದ. ಡಬ್ಬಿ ಗುಂಯ್ ಎಂದಿತು. ಮಿಕ್ಸಿ ತಾನಾಗಿಯೇ ತಿರುಗತೊಡಗಿ, ಮುಚ್ಚಳ ಹಾರಿ, ಕಾಯಿ ಚಟ್ನಿಯೆಲ್ಲ ಅಣ್ಣನ ಕನ್ನಡಕದ ಮೇಲೆ ಕೂತಿತು.

"ನೋಡಿದ್ಯಾ ಗೌರಿ, ಎಷ್ಟು ಚೆನ್ನಾಗಿ ಕೆಲಸ ಮಾಡುತ್ತೆ" ಎಂದ, ಕನ್ನಡಕ ಒರೆಸಿಕೊಳ್ಳುತ್ತಾ. ಅಣ್ಣ ಐಟಿಐನಲ್ಲಿ ಮೇಷ್ಟ್ರಾಗಿದ್ದವನು. ಅವನಿಗಿಂತ ಎಷ್ಟೋ ಮೊದಲೇ ಅವನ ನಾಚಿಕೆ ನಿವೃತ್ತಿಯಾಗಿತ್ತು.

ಆದರೂ ಬೈಯಲು ನನಗೆ ಮನಸ್ಸಾಗಲಿಲ್ಲ. ಅವನು ಆ ಯಂತ್ರ ಮಾಡಿದ್ದು ನನಗಾಗಿ.

ಚಿತ್ರದುರ್ಗದ ಗಲ್ಲಿಗಳಲ್ಲಿ ದೋಸೆ ಹಿಟ್ಟು ಮಾರುವುದು ನನ್ನ ಕಸುಬು. ಅದಕ್ಕೆಂದೇ 'ಪತಂಗ' ಎನ್ನುವ ಕರೆಂಟಿನ ಸ್ಕೂಟರ್ ತಗೊಂಡಿದ್ದೆ. ಬ್ರೇಕಿನಲ್ಲಿ ದೋಷವಿದೆ ಎಂದು ಕಂಪನಿಯವರೇ ಎಲ್ಲ ಪತಂಗಗಳನ್ನೂ ವಾಪಸ್ ಕರೆಸಿ, ಪುಕ್ಕಟೆ ರಿಪೇರಿ ಮಾಡಿ, ಒಂದು ಹಸಿರು ಸ್ಟಿಕ್ಕರ್ ಅಂಟಿಸಿ ಕೊಟ್ಟರು. ಆ ಸ್ಟಿಕ್ಕರ್ ನಂಬಿಕೊಂಡು ಕೋಟೆ ಕಡೆಯ ಇಳಿಜಾರಿನಲ್ಲಿ ಬರುವಾಗ ಬ್ರೇಕ್ ಮತ್ತೆ ಹಿಡಿಯಲಿಲ್ಲ. ನಾನು, ಸ್ಕೂಟರು, ಹಿಟ್ಟು ಮೂವರೂ ಚರಂಡಿಗೆ ಬಿದ್ದೆವು. ನನ್ನ ಮೊಣಕೈ ಮುರಿಯಿತು. ಕಂಪನಿಯವರು ಮಾತ್ರ "ಬ್ರೇಕ್ ಸರಿಯಿದೆ, ಓಡಿಸಿದವರದೇ ತಪ್ಪು" ಎಂದು ಕೈತೊಳೆದುಕೊಂಡರು.

ನನ್ನಂತೆಯೇ ಬಿದ್ದವರು ಬೇರೆ ಊರುಗಳಲ್ಲೂ ಇದ್ದರು. ಆ ರಿಪೇರಿ ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ಸರ್ಕಾರ ತನಿಖೆಗೆ ಇಳಿಯಿತು. ಗುರುವಾರ ನಮ್ಮ ಮನೆಗೇ ಅಧಿಕಾರಿ ಬರುವವರಿದ್ದರು. ಅವರೂ ಬ್ರೇಕ್ ಸರಿ ಎಂದುಬಿಟ್ಟರೆ ಮುಗಿಯಿತು. ಹಸಿರು ಸ್ಟಿಕ್ಕರ್ ನಂಬಿದವರೆಲ್ಲ ಹೀಗೇ ಇಳಿಜಾರು ಇಳಿಯುತ್ತಾರೆ. ನೆನೆದರೆ ನನಗೆ ಭಯವಾಗುತ್ತಿತ್ತು.

"ಸ್ಕೂಟರ್ ದೊಡ್ಡ ವಸ್ತು, ಅಲೆ ಇನ್ನೂ ಜೋರಾಗಬೇಕು" ಎಂದು ಬುಧವಾರ ಅಣ್ಣ ಯಂತ್ರವನ್ನು ಅಂಗಳದಲ್ಲಿಟ್ಟು ಶಕ್ತಿ ಹೆಚ್ಚಿಸಿದ. ಅಲೆ ಕಾಂಪೌಂಡ್ ದಾಟಿತು. ನಮ್ಮ ಬೀದಿಯಲ್ಲಿ ಕೆಟ್ಟದ್ದನ್ನೆಲ್ಲ ರಿಪೇರಿ ಮಾಡಿದವನು ಅಣ್ಣನೇ. ಒಂದು ಮನೆಯ ನಲ್ಲಿ ಕಾರಂಜಿಯಾಯಿತು, ಇನ್ನೊಂದು ಮನೆಯ ಕಾಲಿಂಗ್ ಬೆಲ್ ಬಾಯಿ ಮುಚ್ಚಲೊಲ್ಲದು. ಎದುರುಮನೆಯ ಪುಟ್ಟರುದ್ರಮ್ಮ ಗೇಟನ್ನೇ ಹೊತ್ತುಕೊಂಡು ಬಂದರು.

"ಏನ್ ಮೇಷ್ಟ್ರೇ, ನೀವು ಬೆಸುಗೆ ಹಾಕಿದ ಗೇಟು ಕೈಗೇ ಬಂತಲ್ಲ."

"ಅಂದ್ರೆ ಯಂತ್ರ ಸರಿಯಾಗಿದೆ ಅಂತ ಆಯ್ತಲ್ಲಮ್ಮ."

"ಯಂತ್ರ ಸರಿಯಾಗೈತೆ. ನಿಮ್ಮನ್ನ ಯಾರು ಸರಿ ಮಾಡ್ತಾರೆ?"

ಗುರುವಾರ ಜೀಪಿನಲ್ಲಿ ತನಿಖಾಧಿಕಾರಿ ಪದ್ಮರಾಜಯ್ಯ ಬಂದರು. ಜತೆಗೆ ಇಸ್ತ್ರಿ ಅಂಗಿಯ ಕಂಪನಿ ಇಂಜಿನಿಯರ್ ಶ್ರೀವತ್ಸ. ಶ್ರೀವತ್ಸ ನನ್ನ ಸ್ಕೂಟರನ್ನು ಬೀದಿಯ ಆ ತುದಿಗೂ ಈ ತುದಿಗೂ ಓಡಿಸಿ ಗಕ್ಕನೆ ನಿಲ್ಲಿಸಿ ತೋರಿಸಿದರು. ಅಣ್ಣ ಯಂತ್ರ ಆನ್ ಮಾಡಿದ. ಸ್ಕೂಟರ್ ಮಿಸುಕಲಿಲ್ಲ. ಬ್ರೇಕ್ ಹಿಡಿದೇ ಇತ್ತು.

"ನೋಡಿ ಸಾರ್, ಅವರ ಯಂತ್ರವೇ ನಮ್ಮ ಪರ" ಎಂದು ಶ್ರೀವತ್ಸ ನಕ್ಕರು.

ಪದ್ಮರಾಜಯ್ಯ ಮಾತ್ರ ಎದ್ದು ಹೊರಡಲಿಲ್ಲ.

"ಬಿದ್ದ ದಿನ ಹೇಗೆ ಓಡಿಸ್ತಾ ಇದ್ರಮ್ಮ?"

"ಹೇಗೆ ಅಂದ್ರೆ? ಎಲ್ಲರ ಹಾಗೆ."

"ಅದನ್ನೇ ತೋರಿಸಿ."

ಅಣ್ಣನಿಂದ ಹಿಟ್ಟಿನ ಡ್ರಮ್ಮು ತರಿಸಿ, ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿ ಇಡಿಸಿದೆ.

"ಅಲ್ಲಿ ಸಾಮಾನು ಇಡಬಾರದು ಮೇಡಂ" ಎಂದರು ಶ್ರೀವತ್ಸ.

ನನಗೆ ರೇಗಿತು. "ಗ್ಯಾಸ್ ಸಿಲಿಂಡರ್, ಅಕ್ಕಿ ಮೂಟೆ, ಮಕ್ಕಳು, ಎಲ್ಲಾ ಹೋಗೋದು ಅಲ್ಲೇ. ಈ ಊರಲ್ಲಿ ಆ ಜಾಗ ಕಾಲಿಡೋಕೆ ಯಾರಿಗೆ ಸಿಕ್ಕಿದೆ ಹೇಳಿ ಸ್ವಾಮಿ."

"ನೀವು ಪರೀಕ್ಷೆ ಮಾಡಿದಾಗ ಅಲ್ಲಿ ಏನಿಟ್ಟಿದ್ರಿ?" ಪದ್ಮರಾಜಯ್ಯ ಕೇಳಿದರು.

"ಏನೂ ಇಲ್ಲ ಸಾರ್."

ಅಣ್ಣ ಮತ್ತೆ ಗುಂಡಿ ಒತ್ತಿದ. ಶ್ರೀವತ್ಸ ಎರಡೂ ಬ್ರೇಕ್ ಬಿಗಿಯಾಗಿ ಹಿಡಿದಿದ್ದಂತೆಯೇ ಸ್ಕೂಟರ್ ಸರಸರನೆ ಮುಂದೆ ಉರುಳಿ ನಮ್ಮ ಕಾಂಪೌಂಡಿಗೆ ಗುದ್ದಿತು. ಡ್ರಮ್ಮಿನ ಮುಚ್ಚಳ ಹಾರಿ ಇಸ್ತ್ರಿ ಅಂಗಿಗೆ ಹಿಟ್ಟಿನ ಅಭಿಷೇಕವಾಯಿತು. ಪದ್ಮರಾಜಯ್ಯ ನೆಲಕ್ಕೆ ಬಗ್ಗಿ, ಕಾಲಿಡುವ ಜಾಗದ ತಗಡು ಬಿಚ್ಚಿಸಿದರು. ಹೊಸದಾಗಿ ಹಾಕಿದ್ದ ಬ್ರೇಕ್ ಕೇಬಲ್‌ಗಳು ಡ್ರಮ್ಮಿನ ಭಾರಕ್ಕೆ ತಗಡಿನಡಿ ಸಿಕ್ಕಿ ಚಪ್ಪಟೆಯಾಗಿದ್ದವು.

"ಎಲ್ಲ ಗಾಡಿಗಳೂ ಮತ್ತೆ ವಾಪಸ್ ಬರಬೇಕು ಅಂತ ವರದಿ ಕೊಡ್ತೀನಿ. ಈ ಸಲ ಭಾರ ಇಟ್ಟೇ ಪರೀಕ್ಷೆ ಆಗಲಿ" ಎಂದರು. ನನಗೆ ಅಳು ಬಂತು. ಬಿದ್ದದ್ದು ನನ್ನ ತಪ್ಪಲ್ಲ ಎಂದು ಸರ್ಕಾರದ ಬಾಯಿಂದ ಕೇಳಿ ಅಷ್ಟು ಸಮಾಧಾನವಾಗಿತ್ತು.

ಅಣ್ಣನ ಖುಷಿಗಂತೂ ಮಿತಿಯಿರಲಿಲ್ಲ. "ಯಂತ್ರದ ಪೂರ್ತಿ ಶಕ್ತಿ ತೋರಿಸ್ತೀನಿ ಸಾರ್" ಎಂದು, ನಾನು ಬೇಡ ಎನ್ನುವಷ್ಟರಲ್ಲಿ ತಿರುಗುಣಿಯನ್ನು ಕೊನೆಯವರೆಗೂ ತಿರುಗಿಸಿದ.

ಮೊದಲು ನಮ್ಮ ಮನೆ ಮುಂದೆ ಹೊಸದಾಗಿ ಹಾಕಿದ್ದ ಡಾಂಬರಿನ ತೇಪೆ ದಬಕ್ಕನೆ ಕುಸಿಯಿತು. ಆಮೇಲೆ ಅದರಾಚೆಯದು, ಅದರಾಚೆಯದು. ನಗರಸಭೆಯವರು ಮುಚ್ಚಿದ ಗುಂಡಿಗಳೆಲ್ಲ ಸಾಲಾಗಿ ಬಾಯಿ ತೆರೆಯುತ್ತಾ ಕೋಟೆಯ ಇಳಿಜಾರಿನವರೆಗೂ ಹೋದವು. ಜೀಪಿನ ಮುಂದಿನ ಚಕ್ರ ಒಂದರೊಳಗೆ ಇಳಿದು ಕೂತಿತು.

ಪದ್ಮರಾಜಯ್ಯ ಗುಂಡಿಯನ್ನು ಬಗ್ಗಿ ನೋಡಿ, "ಇದು ನಮ್ಮ ಇಲಾಖೆಗೆ ಬರೋದಿಲ್ಲ" ಎಂದು ನಡೆದೇ ಹೊರಟರು.

ಪತಂಗಗಳೆಲ್ಲ ಎರಡನೇ ಸಲ ರಿಪೇರಿಯಾಗಿ ಬಂದವು. ಶ್ರೀವತ್ಸ ತಾವೇ ಡ್ರಮ್ಮು ಇಟ್ಟುಕೊಂಡು ಇಳಿಜಾರಿನಲ್ಲಿ ಓಡಿಸಿ ತೋರಿಸಿ, ಗಾಡಿಯನ್ನು ನನ್ನ ಕೈಗೆ ಕೊಟ್ಟರು. ಈಗ ಬ್ರೇಕ್ ಬಲವಾಗಿ ಹಿಡಿಯುತ್ತದೆ, ನಾನು ಧೈರ್ಯವಾಗಿ ಹಿಟ್ಟು ಮಾರುತ್ತಿದ್ದೇನೆ. ಆದರೆ ಪಾಪ, ಬ್ರೇಕಿಗೆ ಹೆಚ್ಚು ಕೆಲಸವಿಲ್ಲ. ಆ ಗುಂಡಿಗಳ ನಡುವೆ ಬ್ರೇಕ್ ಹಾಕುವಷ್ಟು ವೇಗವಾಗಿ ಹೋಗುವ ಗಾಡಿ ನಮ್ಮೂರಿನಲ್ಲಿ ಸದ್ಯಕ್ಕೆ ಒಂದೂ ಇಲ್ಲ.