ಎರಡಿಂಚು ಬಿಟ್ಟು ಹಾಕಿಸಿದ ಟೈರು

"ಸೊಂಟ ಎಪ್ಪತ್ತಾರೂವರೆ!" ಎಂದು ಟೈಲರ್ ಮಾಸ್ಟರು ಬೀದಿಯಲ್ಲಿ ಬೋರಲು ಬಿದ್ದುಕೊಂಡೇ ಘೋಷಿಸಿದರು.

ಜಾಕ್ ಕೊಟ್ಟು ಎತ್ತಿದ ಕಾರಿನ ಮುಂದಿನ ಚಕ್ರಕ್ಕೆ ಟೇಪು ಸುತ್ತಿದ್ದರು. ಟೇಪು ಅರವತ್ತಿಂಚಿಗೇ ಕೈಯೆತ್ತಿತು. ಅಲ್ಲಿಗೊಂದು ಸೀಮೆಸುಣ್ಣದ ಗೆರೆ ಎಳೆದು, ಮಿಕ್ಕ ಹದಿನಾರೂವರೆಯನ್ನು ಮತ್ತೆ ಅಳೆದು ಕೂಡಿಸಿದ್ದರು. ಲೆಕ್ಕ ಸಿಕ್ಕಿದ ಖುಷಿಗೆ ಗಂಟಲು ತುಸು ಜೋರಾಗಿತ್ತು. ತಲೆಯೆತ್ತಿ ನೋಡಿದರೆ, ಪ್ಯಾಂಟು ಒಯ್ಯಲು ಬಂದ ಭಾರೀ ಕಾಯದ ಕಂಟ್ರಾಕ್ಟರು ಬೆನ್ನ ಹಿಂದೆಯೇ ನಿಂತಿದ್ದಾರೆ! ಎರಡೂ ಕೈ ಹೊಟ್ಟೆಯ ಮೇಲೆ.

"ಇದನ್ನ ಒಳಗೆ ಕರೆದು ಮೆಲ್ಲಗೆ ಹೇಳಬಹುದಿತ್ತು, ಮಾಸ್ಟ್ರೇ."

"ಅಯ್ಯಯ್ಯೋ, ನಿಮ್ಮದಲ್ಲ ಸ್ವಾಮಿ, ಟೈರಿಂದು! ನಿಮ್ಮ ಪ್ಯಾಂಟು... ಗುರುವಾರ ಬನ್ನಿ."

'ಗುರುವಾರ ಬನ್ನಿ' ಎಂಬುದು ಮಾಸ್ಟರ ಬೀಜಮಂತ್ರ. ಅವರ ಇನ್ನೊಂದು ಸಿದ್ಧಾಂತ, ಯಾವ ಬಟ್ಟೆಗೇ ಆಗಲಿ ಎರಡಿಂಚು ಬಿಟ್ಟೇ ಹೊಲಿಯಬೇಕು. ಮಕ್ಕಳು ಬೆಳೆಯುತ್ತಾರೆ, ದೊಡ್ಡವರು ಊದುತ್ತಾರೆ, ಬಟ್ಟೆ ಕುಗ್ಗುತ್ತದೆ. ಆ ಎರಡಿಂಚಿನಿಂದಾಗಿಯೇ ಅವರ ಅಂಗಡಿಯ ಪಕ್ಕದ ಬೆಲ್ಟಿನ ಅಂಗಡಿ ಎರಡಂತಸ್ತು ಏರಿತ್ತು!

ಈ ಅಳತೆಗೆ ಕಾರಣ ಹೆಂಡತಿ. ಆಕೆ ನರ್ಸು. ಸೋಮವಾರದಿಂದ ಊರಾಚೆಯ ಆಸ್ಪತ್ರೆಯಲ್ಲಿ ಮೇಲಿನ ಹುದ್ದೆ, ಅಲ್ಲಿಗೆ ಬಸ್ಸಿಲ್ಲ. ಕಾರು ಓಡಿಸುವ ಪರೀಕ್ಷೆಗೆ ಹೋದ ಸಲ ಹೋದಾಗ, ಟೈರು ಬೋಳಾಗಿದೆ ಎಂದು ಗೇಟಿನಿಂದಲೇ ವಾಪಸು ಕಳಿಸಿದ್ದರು. ನಾಳೆ ಮತ್ತೆ ಪರೀಕ್ಷೆ. ತಪ್ಪಿದರೆ ಲೈಸೆನ್ಸೂ ಇಲ್ಲ, ಹುದ್ದೆಯೂ ಇಲ್ಲ.

"ರೀ, ಇದ್ದ ಸೈಜನ್ನೇ ಹಾಕಿಸ್ಕೊಂಡು ಬನ್ನಿ. ನಿಮ್ಮ ತಲೆ ಮಾತ್ರ ಉಪಯೋಗಿಸ್ಬೇಡಿ."

"ಊರಿಗೆ ಊರನ್ನೇ ಅಳೆದವನು ನಾನು! ಒಂದು ಕಾರಿಗೆ ಚಪ್ಪಲಿ ಅಳತೆ ತೆಗೆಯೋಕೆ ಬರಲ್ವೇನೇ?" ಎಂದು ಮಾಸ್ಟರು ಟೇಪನ್ನು ಉತ್ತರೀಯದಂತೆ ಕೊರಳಿಗೆ ಹಾಕಿಕೊಂಡು ಹೊರಟರು.

ಟೈರಿನಂಗಡಿಯವನನ್ನು ಎಲ್ಲರೂ ಕರೆಯುವುದು ಟೈರಪ್ಪ ಎಂದೇ. ಅವನು ಎಪ್ಪತ್ತಾರೂವರೆಯನ್ನು ಕೇಳಿ ನಗಲಿಲ್ಲ. ಬಗ್ಗಿ ಹಳೇ ಟೈರಿನ ಪಕ್ಕೆಯನ್ನು ತೋರಿಸಿದ. 185/65 R15.

"ಮೊದಲನೇದು ಅಗಲ, ಮಿಲಿಮೀಟರಲ್ಲಿ. ಎರಡನೇದು ಪಕ್ಕೆಯ ಎತ್ತರ. ಅಗಲದಲ್ಲಿ ನೂರಕ್ಕೆ ಅರವತ್ತೈದು ಪಾಲು. ಕೊನೇದು ಒಳಗಿನ ಚಕ್ರ, ಇಂಚಲ್ಲಿ."

ಮಾಸ್ಟರ ಕಣ್ಣು ಅರಳಿತು. ಮಂಡಿಯೂರಿ ಕೂತು, ಹೊಸ ರೇಷ್ಮೆ ಸವರುವಂತೆ ಆ ಅಕ್ಷರಗಳನ್ನು ಬೆರಳಿನಿಂದ ಸವರಿದರು. "ಎಲಾ ಇವನ! ಒಂದೇ ಅಂಗಿಗೆ ತೋಳು ಮಿಲಿಮೀಟರಲ್ಲಿ, ಎದೆ ಪರ್ಸೆಂಟಲ್ಲಿ, ಕಾಲರು ಇಂಚಲ್ಲಿ! ಯಾವ ಪುಣ್ಯಾತ್ಮ ಅಳೆದದ್ದಯ್ಯಾ? ಅಗಲ ಹೆಚ್ಚಿಸಿದರೆ ಎತ್ತರಾನೂ ಏರುತ್ತಾ? ಅದ್ಯಾವುದು ಮೂಲೇಲಿ, 205/70? ಒಳಗಿನ ಚಕ್ರ ಅದೇ ಹದಿನೈದು ತಾನೆ?"

"ಹೌದು. ಆದರೆ ಒಟ್ಟು ಎತ್ತರ ಹತ್ತಿರಹತ್ತಿರ ಎರಡಿಂಚು ಜಾಸ್ತಿ."

ಎರಡಿಂಚು! ಮಾಸ್ಟರಿಗೆ ದೇವರೇ ಕಣ್ಣು ಮಿಟುಕಿಸಿದಂತಾಯಿತು.

"ಅದನ್ನೇ ಹಾಕು."

"ಮಾಸ್ಟ್ರೇ, ಟೈರು ಒಗೆದರೆ ಕುಗ್ಗಲ್ಲ."

"ಸವೆಯುತ್ತೆ ತಾನೆ? ಸವೆದು ಸವೆದು ಸರಿಯಾದ ಅಳತೆಗೆ ತಾನಾಗೇ ಬರುತ್ತೆ!"

"ಸ್ಟಿಯರಿಂಗ್ ತಿರುಗಿಸುವಾಗ ಕಾರಿನ ಮೈಗೆ ಉಜ್ಜುತ್ತೆ."

"ಹೊಸದರಲ್ಲಿ ಎಲ್ಲಾ ಸ್ವಲ್ಪ ಹಿಡಿಯುತ್ತೆ ಕಣಯ್ಯಾ."

ಟೈರಪ್ಪ ತನ್ನ ಪ್ಯಾಂಟಿನ ಕಡೆ ನೋಡಿಕೊಂಡ. ಅದೂ ಮಾಸ್ಟರೇ ಹೊಲಿದದ್ದು. ಮಡಿಸಿ, ಹಗ್ಗದಲ್ಲಿ ಬಿಗಿದಿತ್ತು. ವಾದ ಮಾಡಿ ಪ್ರಯೋಜನವಿಲ್ಲವೆಂದು ಅವನಿಗೆ ಅನುಭವದಿಂದ ಗೊತ್ತಿತ್ತು. "ನಿಮ್ಮ ಹಳೇ ಸೈಜಿನ ಹೊಸಾ ನಾಲ್ಕು ಎತ್ತಿಟ್ಟಿರ್ತೀನಿ," ಎಂದಷ್ಟೇ ಹೇಳಿ, ಕಾರಿಗೆ ಆ ದೊಡ್ಡ ಟೈರುಗಳನ್ನೇ ಹಾಕಿದ.

ಮನೆಗೆ ಬರುವ ದಾರಿಯಲ್ಲಿ ಎರಡೇ ತಿರುವು. ಎರಡು ಕಡೆಯೂ ಕಾರು ಏನೋ ಗೊಣಗಿತು. ಮಾಸ್ಟರು ಕೆಮ್ಮಿ ಆ ಸದ್ದನ್ನು ಮುಚ್ಚಿದರು.

ಮಾರನೇ ಬೆಳಿಗ್ಗೆ ಹೆಂಡತಿ ಸ್ಟಿಯರಿಂಗ್ ಹಿಡಿದಳು, ಮಾಸ್ಟರು ಪಕ್ಕದಲ್ಲಿ. ಓಣಿಯ ಕೊನೆಯ ತಿರುವಿನಲ್ಲಿ ಪೂರ್ತಿ ತಿರುಗಿಸಿದಳೋ ಇಲ್ಲವೋ, "ಕರ್ರ್ರ್ರ್!"

"ಏನ್ರೀ ಅದು?"

"ಹೊಸದಲ್ವಾ, ಸ್ವಲ್ಪ ಬಿಗಿ."

ಆಕೆ ಕಾರು ನಿಲ್ಲಿಸಿದಳು. ಇಪ್ಪತ್ತೆರಡು ವರ್ಷ ಈತನ ಕೈಯಲ್ಲಿ ಹೊಲಿಸಿದ ರವಿಕೆ ತೊಟ್ಟವಳು.

"ಎಷ್ಟು ಇಂಚು ಬಿಟ್ರಿ?"

ಮಾಸ್ಟರು ಹೊರಗಿನ ದೀಪದ ಕಂಬವನ್ನು ನೋಡಿದರು. ಆಮೇಲೆ ಎರಡು ಬೆರಳು ಎತ್ತಿದರು.

ಆಕೆ ಬೈಯಲಿಲ್ಲ. ಅದೇ ಭಯ! ತನ್ನ ಬಾಗಿಲು ತೆರೆದು, ಬಾಗಿಲ ಚೌಕಟ್ಟಿಗೆ ಅಂಟಿಸಿದ್ದ ಚೀಟಿಯ ಮೇಲೆ ಬೆರಳಿಟ್ಟಳು. 185/65 R15. ಕಾರು ಹುಟ್ಟಿದ ದಿನದಿಂದ ಅಲ್ಲೇ ಇತ್ತು. "ಆರು ವರ್ಷದಿಂದ ದಿನಾ ಇದಕ್ಕೇ ಮೊಣಕಾಲು ಉಜ್ಜಿಕೊಂಡು ಕೂರ್ತೀರಿ. ಒಂದು ದಿನ ಓದಿದ್ರಾ?"

ಟೈರಿನಂಗಡಿಗೆ ವಾಪಸು ಹೋಗಲು ಹೊತ್ತಿರಲಿಲ್ಲ.

ಪರೀಕ್ಷೆಯ ಮೈದಾನದಲ್ಲಿ ಇನ್ಸ್‌ಪೆಕ್ಟರು ಹಲಗೆ, ಪೆನ್ನು ಹಿಡಿದು ಕಾರು ಹತ್ತಿದರು. ಮಾಸ್ಟರು ಗೋಡೆಗೆ ಒರಗಿ ನಿಂತು ಟೇಪನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. ಆಕೆಯ ಹುದ್ದೆಯೆಲ್ಲ ಆ ನಾಲ್ಕು ಚಕ್ರಗಳ ಮೇಲೆ ಉರುಳುತ್ತಿತ್ತು. ಆಕೆ ಮಾತ್ರ ಪೂರ್ತಿ ತಿರುಗಿಸುವ ಗೋಜಿಗೇ ಹೋಗಲಿಲ್ಲ. ಒಂದು ತಿರುವಿಗೆ ಅರ್ಧ ಮೈದಾನ ಬಳಸಿದಳು! ರಿವರ್ಸಿನಲ್ಲಿ ಸ್ವಲ್ಪ ಹಿಂದೆ, ಸ್ವಲ್ಪ ಮುಂದೆ, ಮತ್ತೆ ಹಿಂದೆ. ಮಲಗಿದ ರೋಗಿಯ ಕೆಳಗಿನಿಂದ ಹಾಸಿಗೆಯ ಬಟ್ಟೆ ಬದಲಿಸುವಷ್ಟು ನಾಜೂಕು. ಆದರೂ ಎರಡು ಸಲ ಕಾರು ಕರುಳು ಕಿತ್ತುಬರುವಂತೆ ನರಳಿತು. ಪ್ರತಿ ಸಲವೂ ಮಾಸ್ಟರು ಗೋಡೆಯೊಳಕ್ಕೆ ಒಂದಿಂಚು ಹೋದರು.

ಕಾರು ಬಂದು ನಿಂತಿತು. ಇನ್ಸ್‌ಪೆಕ್ಟರು ಇಳಿದು ಸಹಿ ಹಾಕಿದರು.

"ಇಷ್ಟು ತಾಳ್ಮೆಯಿಂದ, ಇಷ್ಟು ಜಾಗ ಬಿಟ್ಟು ತಿರುಗಿಸಿದವರನ್ನ ನಾನು ನೋಡಿಲ್ಲಮ್ಮಾ. ಪಾಸು! ಆದರೆ ಒಂದು ಮಾತು. ಹೊಸಾ ಟೈರು ಹಾಕಿಸಿದ್ದೀರಿ, ಕಾರು ಯಾಕೆ ಹಾಗೆ ನರಳುತ್ತೆ?"

ಆಕೆ ಗೋಡೆಗಂಟಿದ ಗಂಡನನ್ನೊಮ್ಮೆ ನೋಡಿದಳು. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ.

"ಇದು ಬರೀ ಟ್ರಯಲ್ಲು ಸಾರ್. ಗುರುವಾರ ಬನ್ನಿ."